ಪದ ಪರಿಚಯ: ಅಂತರಶಿಸ್ತೀಯ ವಿದ್ವತ್ ಬಳಗ

ಬೇರೆ ಬೇರೆ ವಿಷಯ ಓದುವವರು ಒಂದೇ ಪ್ರಶ್ನೆ ಹಿಡಿದು ಕೂಡಿ ಓದುವ, ಬರೆಯುವ ಗುಂಪು ಇದು. ಡಿಗ್ರಿ ಮೊದಲ ವರ್ಷದವರು, ಎಂ.ಎ., ಎಂ.ಎಸ್ಸಿ.ಯವರು, ಪಿಎಚ್.ಡಿ. ಮಾಡುವವರು ಎಲ್ಲರೂ ಇದರಲ್ಲಿ ಇರುತ್ತಾರೆ.

ಬ್ಯಾಡಗಿ ಮೆಣಸಿನಕಾಯಿಯನ್ನೇ ನೋಡಿ. ಕೃಷಿ ವಿದ್ಯಾರ್ಥಿ ಎಕರೆಗೆ ಎಷ್ಟು ಇಳುವರಿ ಎಂದು ನೋಡುತ್ತಾನೆ. ರಸಾಯನಶಾಸ್ತ್ರದವಳು ಬಣ್ಣ ಅಳೆಯುತ್ತಾಳೆ. ಅರ್ಥಶಾಸ್ತ್ರದವನು ಮಾರುಕಟ್ಟೆ ದರ ಬರೆದುಕೊಳ್ಳುತ್ತಾನೆ. ಕಾನೂನು ಓದುವವಳು 2011ರಲ್ಲಿ ಈ ಕಾಯಿಗೆ ಸಿಕ್ಕ ಭೌಗೋಳಿಕ ಸೂಚಕದಿಂದ (ಜಿಐ ಟ್ಯಾಗ್, ಅಂದರೆ ಒಂದು ಪ್ರದೇಶದ ವಿಶಿಷ್ಟ ಉತ್ಪನ್ನಕ್ಕೆ ಕೊಡುವ ಕಾನೂನಿನ ಗುರುತು) ರೈತರಿಗೆ ಏನು ಬಂತು ಎಂದು ಕೇಳುತ್ತಾಳೆ. ನಾಲ್ಕೂ ವರದಿಗಳನ್ನು ಒಂದೇ ಫೈಲಿಗೆ ಹಾಕಿದರೆ ಅದು ಬಹುಶಿಸ್ತೀಯ ಕೆಲಸ, ಅಷ್ಟೇ. ಒಬ್ಬರ ಮಾತಿನಿಂದ ಇನ್ನೊಬ್ಬರ ಕೆಲಸವೇ ಬದಲಾದಾಗ ಅದು ಅಂತರಶಿಸ್ತೀಯ. ಈ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಬೇಡಿಕೆ ಇರುವುದೂ ಆ ಬಣ್ಣಕ್ಕೇ. ಅರ್ಥಶಾಸ್ತ್ರದವನು ಇದನ್ನು ಮುಂದಿಟ್ಟ ಮೇಲೆ ಕೃಷಿ ವಿದ್ಯಾರ್ಥಿ ಬರೀ ಕ್ವಿಂಟಲ್ ಲೆಕ್ಕ ಹಾಕುತ್ತ ಕೂರಲಾರ. ಬಣ್ಣ ಉಳಿಯಲು ಯಾವಾಗ ಕೊಯ್ಯಬೇಕು, ಹೇಗೆ ಒಣಗಿಸಬೇಕು ಎಂದು ರಸಾಯನಶಾಸ್ತ್ರದವಳ ಜೊತೆ ಕೂತು ತನ್ನ ಪ್ರಯೋಗವನ್ನೇ ಬೇರೆ ಥರ ಮಾಡುತ್ತಾನೆ.

ವಿಷಯಗಳ ಬೆರಕೆಗಿಂತ ಓದಿನ ಹಂತಗಳ ಬೆರಕೆಯೇ ಹೆಚ್ಚು ಬೆಲೆಯುಳ್ಳದ್ದು ಎನ್ನುವುದು ನನ್ನ ನಂಬಿಕೆ. ಡಿಗ್ರಿ ಹುಡುಗಿಯೊಬ್ಬಳು "ಹಂಗಂದ್ರ ಏನ್ರಿ ಅಕ್ಕಾರ?" ಎಂದು ಕೇಳಿದರೆ ಪಿಎಚ್.ಡಿ. ಅಕ್ಕ ದೊಡ್ಡ ದೊಡ್ಡ ಪದ ಬಿಟ್ಟು ಬಿಡಿಸಿ ಹೇಳಲೇಬೇಕು. ಹೇಳುವಾಗ ತಡವರಿಸಿದರೆ, ತನಗೆ ಎಲ್ಲಿ ಸರಿಯಾಗಿ ತಿಳಿದಿಲ್ಲ ಎನ್ನುವುದು ಅಲ್ಲೇ ಗೊತ್ತಾಗುತ್ತದೆ. ಆ ಹುಡುಗಿಗೂ ಪದವಿ ಮುಗಿಯುವ ಮೊದಲೇ ಸಂಶೋಧನೆಯ ಪರಿಚಯವಾಗುತ್ತದೆ.

ನಮ್ಮ ಕಡೆ ಇದು ಪೂರಾ ಹೊಸದೇನಲ್ಲ. ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪಿನಲ್ಲಿ ಕವಿಗಳೂ ಇದ್ದರು, ಸಂಸ್ಕೃತಿ ಸಂಶೋಧಕ ಶಂಬಾ ಜೋಶಿಯವರೂ ಇದ್ದರು. ಗೋಕಾಕರು ಬೇಂದ್ರೆಯವರ ಒಡನಾಟಕ್ಕೆ ಬಂದಾಗ ಇನ್ನೂ ಕಾಲೇಜು ವಿದ್ಯಾರ್ಥಿ. ಇವತ್ತು ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಐಐಟಿ ಮೂರೂ ಧಾರವಾಡದಲ್ಲೇ ಇವೆ. ಕಾನೂನು ವಿಶ್ವವಿದ್ಯಾಲಯ ಹುಬ್ಬಳ್ಳಿಯಲ್ಲಿ, ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ ಗದಗಿನಲ್ಲಿ, ಜಾನಪದ ವಿಶ್ವವಿದ್ಯಾಲಯ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ. ಇಷ್ಟು ಹತ್ತಿರ ಇದ್ದೂ ಈ ವಿದ್ಯಾರ್ಥಿಗಳು ಒಟ್ಟಿಗೆ ಕೂರುವುದು ಅಪರೂಪ ಆಗಬಾರದು, ಅಲ್ವಾ?

ಬಳಗ ಕಟ್ಟುವವರು ಒಂದು ಮಾತು ಮೊದಲೇ ತೀರ್ಮಾನಿಸಿಕೊಳ್ಳಲಿ: ಲೇಖನ ಅಚ್ಚಾದಾಗ ಯಾರ್ಯಾರ ಹೆಸರು, ಯಾವ ಕ್ರಮದಲ್ಲಿ? ಹೊಲಕ್ಕೆ ಹೋಗಿ ರೈತರನ್ನು ಮಾತಾಡಿಸಿ ಬಂದ ಡಿಗ್ರಿ ವಿದ್ಯಾರ್ಥಿಯ ಹೆಸರು ಕೊನೆಯ ಕೃತಜ್ಞತೆ ಸಾಲಿಗೆ ಜಾರಿಬಿಡುವುದು ಸುಲಭ.