ಅಪ್ಪ ಜಿಪಿಎ ಬರೆದುಕೊಟ್ಟಿದ್ದಾರೆ, ಇನ್ನು ವಿಲ್ ಯಾಕೆ?

ಪ್ರಶ್ನೆ: ಸರ್, ನಮ್ಮ ತಂದೆಗೆ ಎಪ್ಪತ್ತಾರು ವರ್ಷ. ಚನ್ನಗಿರಿ ಕಡೆ ಮೂರು ಎಕರೆ ಅಡಿಕೆ ತೋಟ, ದಾವಣಗೆರೆಯಲ್ಲಿ ಒಂದು ಮನೆ ಇದೆ. ಆಫೀಸು ಅಲೆಯೋಕೆ ಆಗಲ್ಲ ಅಂತ ಹೋದ ವರ್ಷ ನನ್ನ ಹೆಸರಿಗೆ ಜಿಪಿಎ (ಸಾಮಾನ್ಯ ಮುಖ್ತ್ಯಾರ್ ಪತ್ರ, ಅಂದರೆ ಅವರ ಪರವಾಗಿ ವ್ಯವಹರಿಸುವ ಅಧಿಕಾರ) ಮಾಡಿಕೊಟ್ಟರು. ಎಲ್ಲ ಅಧಿಕಾರವೂ ಅದರಲ್ಲಿದೆ. ಆದರೂ ವಿಲ್ ಬೇರೆ ಮಾಡಿಸಬೇಕಾ? ಅದಕ್ಕೆ ವಕೀಲರೇ ಬೇಕಾ, ಪತ್ರ ಬರೆಯೋರ ಹತ್ತಿರ ಬರೆಸಿದರೆ ಸಾಕಾ? ಮದುವೆಯಾದ ಅಕ್ಕನಿಗೆ ಇದನ್ನೆಲ್ಲ ಹೇಳಲೇಬೇಕಾ?

ಉತ್ತರ: ವಿಲ್ ಬೇಕು. ನಿಮ್ಮ ತಂದೆ ಇರುವವರೆಗೆ ಮಾತ್ರ ಆ ಜಿಪಿಎಗೆ ಜೀವ. ಅವರು ಹೋದ ದಿನವೇ ಅದೂ ಮುಗಿಯಿತು. ಕರಾರು ಕಾಯ್ದೆಯ 201ನೇ ಕಲಂ ಇದನ್ನು ನೇರವಾಗಿಯೇ ಹೇಳುತ್ತದೆ. 1872ರಿಂದಲೂ ಇರುವ ಕಾನೂನು ಇದು. ಆದರೂ ದಾವಣಗೆರೆ, ಚಿತ್ರದುರ್ಗದ ಕೋರ್ಟುಗಳಿಗೆ ಬರುವ ಮನೆ ಜಗಳಗಳಲ್ಲಿ ‘ನನಗೆ ಜಿಪಿಎ ಇದೆ, ಆಸ್ತಿ ನಂದೇ’ ಅನ್ನುವ ಮಾತು ಕೇಳಿಬರುತ್ತಲೇ ಇರುತ್ತದೆ. ಜಿಪಿಎ ನಿಮ್ಮನ್ನು ಮಾಲೀಕರನ್ನಾಗಿ ಮಾಡಿಲ್ಲ. ತಂದೆಯ ಪರವಾಗಿ ಸಹಿ ಹಾಕುವವರನ್ನಾಗಿ ಮಾಡಿದೆ, ಅಷ್ಟೇ. ನಾಳೆ ಅವರು ತೀರಿಕೊಂಡ ಮೇಲೆ ಅದೇ ಕಾಗದ ತೋರಿಸಿ ತೋಟ ಮಾರಿದರೆ, ಕೊಂಡವರೂ ನೀವೂ ಕೇಸಿನಲ್ಲಿ ಸಿಕ್ಕಿಬೀಳುತ್ತೀರಿ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೂ ಜಿಪಿಎ ನಿಂತುಹೋಗುತ್ತದೆ. ಮನೆಯವರು ಜಿಪಿಎ ಮಾಡಿಸುವುದೇ ‘ನಾಳೆ ಅಪ್ಪನಿಗೆ ಮರೆವು ಜಾಸ್ತಿಯಾದರೆ’ ಎಂಬ ಭಯಕ್ಕೆ. ನಿಜವಾಗಿ ಆ ದಿನ ಬಂದಾಗ ಅದೇ ಕಾಗದ ಕೈಕೊಡುತ್ತದೆ. ಕೆಲವು ದೇಶಗಳಲ್ಲಿ ಆಮೇಲೂ ನಡೆಯುವಂಥ ಮುಖ್ತ್ಯಾರ್ ಪತ್ರ ಇದೆ, ನಮ್ಮಲ್ಲಿಲ್ಲ. ಅಂಥ ಸ್ಥಿತಿಯಲ್ಲಿ ಪೋಷಕರ ನೇಮಕಕ್ಕೆ ಹೈಕೋರ್ಟಿನವರೆಗೂ ಹೋಗಬೇಕಾಗಿ ಬರಬಹುದು. ಹಾಗಾಗಿ ದಿನದ ಖರ್ಚು, ಔಷಧಿ, ಆಸ್ಪತ್ರೆಯ ಹಣಕ್ಕೆ ಜಿಪಿಎಯನ್ನೇ ನೆಚ್ಚಿಕೊಳ್ಳಬೇಡಿ. ತಂದೆ ಚೆನ್ನಾಗಿರುವಾಗಲೇ ಬ್ಯಾಂಕ್ ಖಾತೆಯನ್ನು ಜಂಟಿ ಮಾಡಿಸಿ. ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದು ಎಂಬ ಸೌಲಭ್ಯ ಕೇಳಿ ಹಾಕಿಸಿ.

ಈಗ ನಿಮ್ಮ ಜಿಪಿಎ ಕಡೆ ಬರೋಣ. ‘ಎಲ್ಲ ಅಧಿಕಾರವೂ ಅದರಲ್ಲಿದೆ’ ಅಂದಿದ್ದೀರಿ. ನನಗೆ ಕಸಿವಿಸಿಯಾದದ್ದು ಆ ಮಾತಿಗೇ. ತಂದೆಗೆ ಬೇಕಿದ್ದದ್ದು ಆಫೀಸು ಅಲೆಯುವ ಕೆಲಸ ತಪ್ಪಿಸುವುದು. ಪಹಣಿ ತಿದ್ದುಪಡಿ, ಕಂದಾಯ, ಅಡಿಕೆ ಸೊಸೈಟಿಯ ವ್ಯವಹಾರ, ಕರೆಂಟಿನ ಕಾಗದ. ಇಷ್ಟಕ್ಕೆ ಆಸ್ತಿ ಮಾರುವ, ಅಡ ಇಡುವ ಅಧಿಕಾರ ಯಾಕೆ? ಯಾವ ಕೆಲಸ, ಯಾವ ಸರ್ವೆ ನಂಬರು ಎಂದು ಬರೆದು, ಅಷ್ಟಕ್ಕೇ ಅಧಿಕಾರ ಕೊಡುವ ಪತ್ರ, ಅಂದರೆ ಎಸ್‌ಪಿಎ ಮಾಡಿಸಿದ್ದರೆ ಸಾಕಿತ್ತು. ನಿಮ್ಮ ಮೇಲೆ ಅನುಮಾನಪಟ್ಟು ಹೇಳುತ್ತಿಲ್ಲ. ನಾಳೆ ಅಕ್ಕನೋ ಭಾವನೋ ಪ್ರಶ್ನೆ ಎತ್ತಿದರೆ ಚಿಕ್ಕ ಅಧಿಕಾರವೇ ನಿಮ್ಮನ್ನು ಕಾಪಾಡುತ್ತದೆ. ಜಿಪಿಎಯನ್ನು ತಂದೆ ಈಗಲೂ ರದ್ದು ಮಾಡಬಹುದು. ನೋಂದಾಯಿಸಿದ ಪತ್ರವಾಗಿದ್ದರೆ ರದ್ದತಿಯನ್ನೂ ನೋಂದಾಯಿಸಬೇಕು, ಬ್ಯಾಂಕಿಗೂ ಬರೆದು ತಿಳಿಸಬೇಕು.

ಮನೆಯವರಲ್ಲದವರಿಗೆ ಮಾರಾಟದ ಅಧಿಕಾರ ಕೊಡುವುದಾದರೆ ಇನ್ನೂ ಎಚ್ಚರ ಬೇಕು. ಕರ್ನಾಟಕದಲ್ಲಿ ಅಂಥ ಪತ್ರಕ್ಕೆ ಮುದ್ರಾಂಕ ಶುಲ್ಕವೇ ಕ್ರಯಪತ್ರದಷ್ಟು ಬೀಳುತ್ತದೆ. ಊರಂಚಿನ ರೆವಿನ್ಯೂ ಸೈಟುಗಳನ್ನು (ಕೃಷಿ ಜಮೀನನ್ನು ಪರಿವರ್ತಿಸದೆ ಮಾಡಿದ ಸೈಟುಗಳನ್ನು) ಬರೀ ಜಿಪಿಎ ಮೇಲೆ ಕೊಂಡವರೂ ಇದನ್ನು ಓದುತ್ತಿರಬಹುದು. ಜಿಪಿಎ ಮೂಲಕ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸೂರಜ್ ಲ್ಯಾಂಪ್ ಕೇಸಿನಲ್ಲಿ ಖಚಿತವಾಗಿ ಹೇಳಿದೆ. ಬರೆದುಕೊಟ್ಟವರು ಬದುಕಿರುವಾಗಲೇ ಕ್ರಯಪತ್ರ ಮಾಡಿಸಿಕೊಳ್ಳಿ.

ಇನ್ನು ವಿಲ್. ಇದಕ್ಕೆ ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ಕನ್ನಡದಲ್ಲೇ ಬರೆಸಿ. ನಿಮ್ಮ ತಂದೆಗೆ ಓದಿದರೆ ಅರ್ಥವಾಗುವಂತಿರಬೇಕು. ನೋಂದಣಿ ಕಡ್ಡಾಯವಲ್ಲ. ಕಡ್ಡಾಯ ಇರುವುದು ಸಾಕ್ಷಿಗಳದ್ದು. 1925ರ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಪ್ರಕಾರ ಕನಿಷ್ಠ ಇಬ್ಬರು ಸಾಕ್ಷಿಗಳಿರಬೇಕು. ತಂದೆ ಸಹಿ ಹಾಕುವುದನ್ನು ಅವರು ಕಣ್ಣಾರೆ ನೋಡಿರಬೇಕು, ಇಲ್ಲವೇ ‘ಇದು ನನ್ನ ಸಹಿ’ ಎಂದು ತಂದೆಯ ಬಾಯಿಂದಲೇ ಕೇಳಿರಬೇಕು. ಅವರೂ ತಂದೆಯ ಎದುರಿಗೇ ಸಹಿ ಮಾಡಬೇಕು. ವಿಲ್‌ಗಳು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲೇ. ಮನೆಯಲ್ಲಿ ತಂದೆಯ ಸಹಿ ಹಾಕಿಸಿಕೊಂಡು, ಆ ಹಾಳೆಯನ್ನು ಅಂಗಡಿಗೆ ಒಯ್ದು, ‘ಅಣ್ಣಾ, ಇಲ್ಲೊಂದು ಸಹಿ ಹಾಕು’ ಅಂತ ಪರಿಚಯದವರಿಂದ ಹಾಕಿಸುತ್ತಾರೆ. ಹತ್ತು ವರ್ಷದ ಮೇಲೆ ಅದೇ ಮನುಷ್ಯ ಸಾಕ್ಷಿಕಟ್ಟೆಯಲ್ಲಿ ನಿಂತಾಗ ಎದುರಿನ ವಕೀಲರು ಒಂದೇ ಪ್ರಶ್ನೆ ಕೇಳುತ್ತಾರೆ: ‘ಅವರು ಸಹಿ ಹಾಕುವಾಗ ನೀವು ಎಲ್ಲಿದ್ದಿರಿ?’

ತಕರಾರು ಬಂದರೆ, ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರನ್ನಾದರೂ ಕರೆಸಿ ಹೇಳಿಕೆ ಕೊಡಿಸದೆ ವಿಲ್ ರುಜುವಾತಾಗುವುದಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಹೊಸ ಸಾಕ್ಷ್ಯ ಕಾನೂನಿನಲ್ಲೂ ಈ ನಿಯಮ ಹಾಗೇ ಇದೆ. ಅದಕ್ಕೇ ತಂದೆಯ ಓರಗೆಯವರನ್ನು ಸಾಕ್ಷಿ ಮಾಡಬೇಡಿ. ವಯಸ್ಸಿನಲ್ಲಿ ಚಿಕ್ಕವರು, ಊರಲ್ಲೇ ಇರುವವರು, ಆಸ್ತಿಯಲ್ಲಿ ಏನೂ ಪಡೆಯದವರು ಬೇಕು. ನೋಡಿಕೊಳ್ಳುವ ಡಾಕ್ಟರು ಒಪ್ಪಿದರೆ ಬಹಳ ಒಳ್ಳೆಯದು. ತಂದೆ ಚೆನ್ನಾಗಿಯೇ ಮಾತಾಡುತ್ತಿದ್ದರು ಎಂದು ಅವರು ಹೇಳಿದರೆ ಆ ಮಾತಿಗೆ ತೂಕ ಬೇರೆಯೇ.

ವಕೀಲರು ಬೇಕಾ ಅಂದಿರಿ. ಪತ್ರ ಬರಹಗಾರರಲ್ಲಿ ಒಳ್ಳೆಯ ಅನುಭವಿಗಳಿದ್ದಾರೆ, ಅವರ ಕೈಬರಹದ ಎಷ್ಟೋ ವಿಲ್‌ಗಳು ಕೋರ್ಟಿನಲ್ಲಿ ಗಟ್ಟಿಯಾಗಿ ನಿಂತಿವೆ. ಆದರೆ ಬರೆಯುವುದಕ್ಕಿಂತ ಮುಂಚಿನ ಕೆಲಸವೇ ದೊಡ್ಡದು. ಮೂರು ಎಕರೆ ತೋಟ ತಂದೆಯ ಕೈಗೆ ಹೇಗೆ ಬಂತು? ದುಡಿದು ಕೊಂಡದ್ದಾದರೆ ಇಷ್ಟಬಂದವರಿಗೆ ಬರೆಯಬಹುದು. ಅಜ್ಜನ ಕಾಲದ ಪಾಲುಪಟ್ಟಿಯಲ್ಲಿ ಬಂದ ಪಿತ್ರಾರ್ಜಿತವಾದರೆ ತಮ್ಮ ಪಾಲನ್ನು ಮಾತ್ರ ಬರೆಯಬಹುದು. ಉಳಿದದ್ದರಲ್ಲಿ ನಿಮಗೂ ಅಕ್ಕನಿಗೂ ಹುಟ್ಟಿನಿಂದಲೇ ಹಕ್ಕಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. 2020ರಲ್ಲಿ ವಿನೀತಾ ಶರ್ಮಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಉಳಿದ ಗೊಂದಲವನ್ನೂ ತೆಗೆದುಹಾಕಿತು. ಮದುವೆಯಾಗಿರುವುದರಿಂದ ಆ ಹಕ್ಕು ಹೋಗುವುದಿಲ್ಲ. ಹಾಗಂತ ಹಿರಿಯರಿಂದ ಬಂದದ್ದೆಲ್ಲ ಪಿತ್ರಾರ್ಜಿತವೂ ಅಲ್ಲ. ಹಳೆಯ ಪತ್ರ, ಮ್ಯುಟೇಶನ್ (ಖಾತೆ ಬದಲಾವಣೆಯ ದಾಖಲೆ), ಇಸಿ (ಋಣಭಾರ ಪ್ರಮಾಣಪತ್ರ) ಎಲ್ಲ ಮುಂದಿಟ್ಟುಕೊಂಡು ಕಾನೂನು ಬಲ್ಲವರೇ ನೋಡಬೇಕು. ಸರ್ಕಾರದಿಂದ ಮಂಜೂರಾದ ಜಮೀನಾದರೆ ಸಾಗುವಳಿ ಚೀಟಿಯನ್ನೂ (ಮಂಜೂರಾತಿ ಪತ್ರ) ತೋರಿಸಿ, ಅದರ ಷರತ್ತು ಬೇರೆ ಇರುತ್ತದೆ. ಮುಸ್ಲಿಂ ಓದುಗರಿಗೆ ಒಂದು ಮಾತು: ನಿಮ್ಮ ಕಾನೂನಿನಲ್ಲಿ, ವಾರಸುದಾರರು ಒಪ್ಪದಿದ್ದರೆ, ಸಾಲ ಕಳೆದು ಉಳಿದ ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ವಿಲ್ ಮಾಡಲಾಗದು.

ಒಳ್ಳೆಯ ವಕೀಲರನ್ನು ಗುರುತಿಸಲು ಒಂದು ಸುಲಭದ ದಾರಿ ಹೇಳುತ್ತೇನೆ. ನೀವು ತಂದೆಯನ್ನು ಕರೆದುಕೊಂಡು ಹೋದಾಗ ಅವರು ನಿಮ್ಮನ್ನು ‘ಸ್ವಲ್ಪ ಹೊರಗೆ ಮಂಡಕ್ಕಿ ಮಿರ್ಚಿ ತಿಂದು ಬನ್ನಿ’ ಅಂತ ಕಳಿಸಬೇಕು. ಬೇಜಾರಾಗಬೇಡಿ. ಅಲ್ಲಿ ಕಕ್ಷಿದಾರರು ನಿಮ್ಮ ತಂದೆ, ನೀವಲ್ಲ. ಒಬ್ಬರೇ ಇದ್ದಾಗ ಅವರು ಏನು ಹೇಳುತ್ತಾರೋ ಅದೇ ವಿಲ್ ಆಗಬೇಕು. ಮಗ ಎದುರಿಗೆ ಕೂತಿದ್ದರೆ ‘ಎಲ್ಲ ಅವನಿಗೇ’ ಅನ್ನುತ್ತಾರೆ. ಮಗ ಹೊರಗೆ ಹೋದ ಮೇಲೆ ‘ಮಗಳಿಗೂ ಏನಾದರೂ ಇಡಬೇಕಲ್ವಾ ವಕೀಲರೇ’ ಅನ್ನುವ ತಂದೆಯರನ್ನು ನಾನು ನೋಡಿದ್ದೇನೆ. ಇದು ಕೋರ್ಟಿಗೂ ಮುಖ್ಯ. ಮೈಸೂರು ರಾಜ್ಯದಿಂದ ಸುಪ್ರೀಂ ಕೋರ್ಟಿಗೆ ಹೋಗಿ, 1959ರ ಕಾನೂನು ವರದಿಗಳಲ್ಲಿ ಅಚ್ಚಾದ ವೆಂಕಟಾಚಲ ಅಯ್ಯಂಗಾರ್ ಕೇಸಿನ ತೀರ್ಪನ್ನು ಇವತ್ತಿಗೂ ವಿಲ್ ಕೇಸುಗಳಲ್ಲಿ ಓದಿ ಹೇಳುತ್ತಾರೆ. ವಿಲ್‌ನಿಂದ ಲಾಭ ಪಡೆಯುವವರೇ ಮುಂದೆ ನಿಂತು ಅದನ್ನು ಬರೆಸಿದ್ದರೆ ಅದೇ ಒಂದು ಅನುಮಾನದ ಸಂಗತಿ. ಆ ಅನುಮಾನವನ್ನು ಅವರೇ ನಿವಾರಿಸಬೇಕು. ಹಾಗಾಗಿ ಕರಡು ಓದಿ ತಿದ್ದುವುದು, ಸಾಕ್ಷಿಗಳನ್ನು ಹುಡುಕುವುದು, ವಕೀಲರ ಫೀ ಕೊಡುವುದು, ಇವೆಲ್ಲ ತಂದೆಯೇ ಮಾಡಲಿ. ಬಡವರಿಗೆ ಫೀ ತೊಂದರೆಯಾದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ನೆರವಿಗೆ ಹಕ್ಕಿದೆ. ಸಹಾಯವಾಣಿ 15100.

ಬರಹದ ವಿಷಯದಲ್ಲಿ ಒಂದು ಉದಾಹರಣೆ ಕೊಡುತ್ತೇನೆ. ‘ನನ್ನ ತೋಟವು ನನ್ನ ಮಗನಿಗೆ ಸೇರತಕ್ಕದ್ದು’ ಎಂದು ಬರೆದರೆ ಜಗಳಕ್ಕೆ ನೀವೇ ಬಾಗಿಲು ತೆರೆದಂತೆ. ಯಾವ ಗ್ರಾಮ, ಯಾವ ಸರ್ವೆ ನಂಬರು, ಎಷ್ಟು ಎಕರೆ ಎಷ್ಟು ಗುಂಟೆ, ನಾಲ್ಕು ದಿಕ್ಕಿನ ಚಕ್ಕುಬಂದಿ, ಬೋರ್‌ವೆಲ್ ಯಾರ ಪಾಲಿಗೆ, ದಾರಿ ಎಲ್ಲಿಂದ, ಎಲ್ಲ ಬರಬೇಕು. ಅಡಿಕೆ ತೋಟದಲ್ಲಿ ನೀರು ಮತ್ತು ದಾರಿ ಬಿಟ್ಟುಹೋದ ವಿಲ್ ಅರ್ಧ ವಿಲ್. ಹಾಗೇ ತಾಯಿ ಇದ್ದರೆ, ಕೊನೆಯವರೆಗೆ ಆ ಮನೆಯಲ್ಲಿ ವಾಸಿಸುವ ಹಕ್ಕು ಅವರಿಗಿದೆ ಎಂಬ ಸಾಲು ತಪ್ಪದೇ ಇರಲಿ. ಹೆಬ್ಬೆಟ್ಟು ಒತ್ತುವವರಾದರೆ ಪೂರ್ತಿ ಓದಿ ಹೇಳಲಾಯಿತು ಎಂದೂ ನಮೂದಿಸಿ.

ಕಡ್ಡಾಯವಿಲ್ಲದಿದ್ದರೂ ನೋಂದಣಿ ಮಾಡಿಸಿ ಎಂದೇ ನನ್ನ ಸಲಹೆ. ಸಬ್ ರಿಜಿಸ್ಟ್ರಾರ್ ಎದುರು ತಂದೆಯ ಫೋಟೊ, ಹೆಬ್ಬೆಟ್ಟು ದಾಖಲಾಗುತ್ತದೆ, ಕಾಗದ ಕಳೆದುಹೋದರೆ ನಕಲು ಸಿಗುತ್ತದೆ. ಹಾಸಿಗೆ ಹಿಡಿದವರಾದರೆ ಅಧಿಕಾರಿಯೇ ಮನೆಗೆ ಬರಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ನೋಂದಣಿಯಾಯಿತು ಅಂದ ಮಾತ್ರಕ್ಕೆ ಯಾರೂ ಪ್ರಶ್ನಿಸುವಂತಿಲ್ಲ ಎಂದು ತಿಳಿಯಬೇಡಿ. ತಂದೆ ನಾಳೆ ಮನಸ್ಸು ಬದಲಿಸಿ, ಬಿಳಿ ಹಾಳೆಯಲ್ಲಿ ಕ್ರಮಬದ್ಧವಾಗಿ ಬೇರೆ ವಿಲ್ ಬರೆದರೆ ಕೊನೆಯದೇ ಊರ್ಜಿತ. ಅವರು ಹೋದ ಮೇಲೆ ವಿಲ್ ಮತ್ತು ಮರಣ ಪ್ರಮಾಣಪತ್ರ ಇಟ್ಟು ಖಾತೆ ಬದಲಾವಣೆಗೆ ಅರ್ಜಿ ಹಾಕಬೇಕು. ನಮ್ಮ ಭಾಗದಲ್ಲಿ ಹಿಂದೂಗಳಿಗೆ ಪ್ರೊಬೇಟ್ (ವಿಲ್ ನಿಜವೆಂದು ಕೋರ್ಟು ಕೊಡುವ ದೃಢೀಕರಣ) ಕಡ್ಡಾಯವಿಲ್ಲ. ವಿಲ್ ಸುಳ್ಳು ಎಂದು ಯಾರಾದರೂ ತಕರಾರು ಹಾಕಿದರೆ ಅದನ್ನು ತೀರ್ಮಾನಿಸುವುದು ತಹಶೀಲ್ದಾರರ ಕೆಲಸವಲ್ಲ, ಸಿವಿಲ್ ಕೋರ್ಟಿಗೇ ಹೋಗಬೇಕು.

ಇನ್ನು ಅಕ್ಕನ ವಿಷಯ. ವಿಲ್ ಬರೆಯುವುದನ್ನು ಮಕ್ಕಳಿಗೆ ಹೇಳಲೇಬೇಕು ಎಂಬ ಕಾನೂನಿಲ್ಲ. ಒಂದು ತಪ್ಪು ಮಾತ್ರ ಮಾಡಬೇಡಿ. ತಂದೆ ಸ್ವಂತ ದುಡಿದು ಕಟ್ಟಿದ ಮನೆಯ ಬಗ್ಗೆ, ಅವರು ಬದುಕಿರುವಾಗಲೇ ‘ಮುಂದೆ ನನಗೆ ಪಾಲು ಬೇಡ’ ಎಂದು ಅಕ್ಕನಿಂದ ಬರೆಸಿಕೊಳ್ಳಲು ಹೋಗಬೇಡಿ. ಇನ್ನೂ ಕೈಗೆ ಬಾರದ ವಾರಸಾ ಹಕ್ಕನ್ನು ಬಿಟ್ಟುಕೊಟ್ಟ ಅಂಥ ಕಾಗದಕ್ಕೆ ಸಾಮಾನ್ಯವಾಗಿ ಬೆಲೆ ಇಲ್ಲ, ಸುಮ್ನೆ ಮನಸ್ಸು ಮುರಿಯುತ್ತದೆ. ಅಕ್ಕನಿಗೆ ಕಡಿಮೆ ಅಥವಾ ಏನೂ ಇಲ್ಲ ಎಂದು ತಂದೆ ತೀರ್ಮಾನಿಸಿದ್ದರೆ ಅದರ ಕಾರಣ ವಿಲ್‌ನಲ್ಲೇ ಇರಲಿ. ಮದುವೆಗೆ ಕೊಟ್ಟದ್ದು, ಸೈಟು ತೆಗೆದುಕೊಟ್ಟದ್ದು, ಏನಿದ್ದರೂ ಅವರ ಮಾತಿನಲ್ಲೇ ಎರಡು ಸಾಲು ಸಾಕು. ಹೇಳುವುದು ಬಿಡುವುದು ತಂದೆಗೆ ಸೇರಿದ್ದು. ಹೇಳಬೇಕು ಅಂತ ಅವರಿಗೆ ಅನಿಸಿದರೆ, ಹಬ್ಬಕ್ಕೆ ಅಕ್ಕ ತವರಿಗೆ ಬಂದಾಗ ಅವರೇ ಕೂರಿಸಿಕೊಂಡು ಹೇಳಲಿ, ಅವರ ಪರವಾಗಿ ನೀವು ಹೇಳಲು ಹೋಗಬೇಡಿ.