ಹೃದಯದ ಗೋಡೆಯಲ್ಲಿ ಕೊಬ್ಬು

ಬದಿಯಡ್ಕ ಕಡೆಯ ಅಮ್ಮ, ವಯಸ್ಸು 60 ದಾಟಿದೆ. ಮೊಣಕಾಲಿನ ಆಪರೇಷನ್‌ಗೆ ಮೊದಲು ಹೃದಯದ ಎಕೋ ಮಾಡಿಸಿದ್ದರು. ಮಗ ಪ್ಲಾಸ್ಟಿಕ್ ಕವರಿನಿಂದ ರಿಪೋರ್ಟ್ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಹೃದಯದಲ್ಲಿ 'ಮಾಸ್' ಎಂದಿತ್ತು. "ಡಾಕ್ಟ್ರೇ, ಇದು ಕ್ಯಾನ್ಸರಾ? ಅಮ್ಮನಿಗೆ ಹೇಳ್ಲಿಲ್ಲ."

ಮಾಸ್ ಅಂದರೆ ಅಲ್ಲೇನೋ ದಪ್ಪ ಕಾಣುತ್ತಿದೆ ಎಂದಷ್ಟೇ. ಎಕೋ ಶಬ್ದದ ಅಲೆಗಳಿಂದ ಚಿತ್ರ ಕಟ್ಟುತ್ತದೆ. ಆಕಾರ, ಅಲುಗಾಟ ಚೆನ್ನಾಗಿ ತೋರಿಸುತ್ತದೆ. ಒಳಗಿರುವುದು ರಕ್ತದ ಹೆಪ್ಪೋ, ಗಡ್ಡೆಯೋ, ಕೊಬ್ಬೋ ಎಂದು ಖಚಿತವಾಗಿ ಹೇಳುವುದು ಅದಕ್ಕೆ ಕಷ್ಟ.

ಸಿಟಿ ಸ್ಕ್ಯಾನ್‌ನಲ್ಲಿ ಪ್ರತಿ ಚುಕ್ಕೆಗೂ ಒಂದು ಅಂಕಿ ಇರುತ್ತದೆ. ನೀರಿಗೆ 0, ಗಾಳಿಗೆ ಮೈನಸ್ 1000. ತೆಂಗಿನೆಣ್ಣೆ ನೀರಿನ ಮೇಲೆ ತೇಲುವುದನ್ನು ನಮ್ಮ ಕಾಸರಗೋಡಿನಲ್ಲಿ ನೋಡದವರಿಲ್ಲ. ಮೈಯ ಕೊಬ್ಬೂ ನೀರಿಗಿಂತ ಹಗುರ. ಹಾಗಾಗಿ ಅದರ ಅಂಕಿ ಸುಮಾರು ಮೈನಸ್ 50ರಿಂದ ಮೈನಸ್ 150ರ ಒಳಗೆ ಬರುತ್ತದೆ. ಅಮ್ಮನ ಸಿಟಿ ಚಿತ್ರದಲ್ಲಿ ಆ ದಪ್ಪ ಜಾಗದ ಮೇಲೆ ಸಣ್ಣ ವೃತ್ತ ಎಳೆದೆ: ಮೈನಸ್ 98. ಅದೇ ವೃತ್ತವನ್ನು ಎದೆಯ ಚರ್ಮದಡಿಯ ಕೊಬ್ಬಿನ ಮೇಲಿಟ್ಟೆ: ಮೈನಸ್ 104. ಎರಡೂ ಒಂದೇ ವಸ್ತು, ಕೊಬ್ಬು. ಕ್ಯಾನ್ಸರ್ ಅಲ್ಲ. ಮಗನಿಗೂ ಪರದೆಯಲ್ಲಿ ತೋರಿಸಿದೆ.

ಆಕಾರವೂ ಸಾಕ್ಷಿ ಹೇಳಿತು. ಮೇಲಿನ ಎರಡು ಕೋಣೆಗಳ ನಡುವಿನ ಗೋಡೆ 2 ಸೆಂ.ಮೀ.ಗಿಂತ ದಪ್ಪ, ನಡುವೆ ಒಂದು ಕಡೆ ಮಾತ್ರ ತೆಳು. ಥೇಟ್ ಡಮರು. ಆ ತೆಳು ಜಾಗಕ್ಕೆ ಫೋಸಾ ಓವಾಲಿಸ್ ಎನ್ನುತ್ತಾರೆ, ಈ ಕೊಬ್ಬು ಅದನ್ನು ಬಿಟ್ಟು ಸುತ್ತ ಬೆಳೆಯುತ್ತದೆ. ಮಿಕ್ಸೋಮಾ ಎಂಬ ಗಡ್ಡೆ ಹೆಚ್ಚಾಗಿ ಅಲ್ಲಿಂದಲೇ ಕಾಂಡದಂತೆ ಹುಟ್ಟುತ್ತದೆ. ಲೈಪೋಮಾ ಬೇರೆ: ಅದು ತೆಳುವಾದ ಪೊರೆಯೊಳಗಿನ ಕೊಬ್ಬಿನ ಗಂಟು.

ಸಂಶಯ ಉಳಿದರೆ ಎಂಆರ್‌ಐ. ಕೊಬ್ಬು ಮೊದಲು ಬೆಳ್ಳಗೆ ಹೊಳೆಯುತ್ತದೆ, ಕೊಬ್ಬಿನ ಸಂಕೇತವನ್ನು ಅಡಗಿಸಿ ಮತ್ತೆ ಚಿತ್ರ ತೆಗೆದರೆ ಕಪ್ಪಾಗುತ್ತದೆ. ಇನ್ನೊಂದು ಮಾತು: ಈ ಗೋಡೆಯ ಕೊಬ್ಬಿನಲ್ಲಿ ಸಕ್ಕರೆ ಉರಿಸಿ ಶಾಖ ಕೊಡುವ ಕಂದು ಕೊಬ್ಬೂ ಇರಬಹುದು, ಸಕ್ಕರೆ ಹೀರುವ ಜಾಗಗಳನ್ನು ತೋರಿಸುವ ಪೆಟ್ ಸ್ಕ್ಯಾನ್‌ನಲ್ಲಿ ಅದು ಕ್ಯಾನ್ಸರಿನಂತೆ ಹೊಳೆಯಬಹುದು. ಅದಕ್ಕೇ ಪೆಟ್ ಚಿತ್ರ ಒಂದನ್ನೇ ನೋಡಿ ತೀರ್ಮಾನಿಸಬಾರದು ಎಂದು ನಾನು ಪ್ರತಿ ಸಲ ಹೇಳುತ್ತೇನೆ.

ಕೊಬ್ಬಿನ ನಡುವೆ ಗಟ್ಟಿ ಭಾಗವಿದ್ದು ಅದು ಕಾಂಟ್ರಾಸ್ಟ್ (ಸ್ಕ್ಯಾನ್‌ಗೆ ನರಕ್ಕೆ ಕೊಡುವ ಔಷಧ) ಹೀರಿದರೆ ಮಾತು ಬೇರೆ. ರಕ್ತದ ದಾರಿ ಒತ್ತಿದರೆ, ಎದೆಬಡಿತದ ತಾಳ ತಪ್ಪಿದರೆ ಹೃದ್ರೋಗ ತಜ್ಞರು ನೋಡಲೇಬೇಕು. ಈ ಅಮ್ಮನಿಗೆ ಅದೊಂದೂ ಇರಲಿಲ್ಲ.

ಹೊರಗೆ ಕುಳಿತಿದ್ದ ಅಮ್ಮನನ್ನು ಕರೆಸಿ ನಾನೇ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. "ಹಾಗಾದ್ರೆ ಸೂಜಿ ಹಾಕಿ ತೆಗ್ದು ನೋಡ್ಲಿಕ್ಕೆ ಉಂಟಾ?"

"ಇಲ್ಲ ಅಮ್ಮ. ಮೊಣಕಾಲಿಗೆ ದಿನ ಯಾವಾಗ ಅಂತ ಅಲ್ಲಿ ಕೇಳಿ."