ಲ್ಯಾಪ್‌ಟಾಪ್‌ನಲ್ಲಿ ಬರುವ ಲಾಗ್ ಸರ್ವರ್‌ನಲ್ಲಿ ಯಾಕೆ ಬರಲ್ಲ?

ಓದುಗರ ಪ್ರಶ್ನೆ: ನಾನು ಶಿರಸಿಯಲ್ಲಿ ಮನೆಯಿಂದಲೇ ಕೆಲಸ ಮಾಡುವವನು. ಅಡಿಕೆ ಟೆಂಡರ್ ಲೆಕ್ಕದ ಡಾಟ್‌ನೆಟ್ 6 ಪ್ರೋಗ್ರಾಂ ಒಂದನ್ನು ನೋಡಿಕೊಳ್ಳುತ್ತೇನೆ. ಸೋರ್ಸ್ ಮುಟ್ಟದೆ ಕೆಲವು ಮೆಥಡ್‌ಗಳಿಗೆ ಲಾಗ್ ಸೇರಿಸಲು ಸಣ್ಣ ಪ್ರೊಫೈಲರ್ (ಓಡುವ ಪ್ರೋಗ್ರಾಂ ಮೇಲೆ ಕಣ್ಣಿಡುವ ಕೋಡ್) ಬರೆದಿದ್ದೇನೆ. ಜಿಟ್ (ಓಡುವಾಗಲೇ ಮೆಥಡನ್ನು ಮೆಷಿನ್ ಕೋಡ್ ಮಾಡುವ ಕಂಪೈಲರ್) ಶುರುವಾಗುವ ಹೊತ್ತಿಗೆ ಮೆಥಡ್‌ನ ಐಎಲ್ (ಸೋರ್ಸ್‌ಗೂ ಮೆಷಿನ್ ಕೋಡ್‌ಗೂ ನಡುವಿನ ಕೋಡ್) ಬದಲಿಸುತ್ತೇನೆ. ಲ್ಯಾಪ್‌ಟಾಪ್‌ನಲ್ಲಿ ಡೀಬಗ್ ಬಿಲ್ಡ್ (ಆಪ್ಟಿಮೈಸ್ ಮಾಡದ, ಪರೀಕ್ಷೆಯ ಬಿಲ್ಡ್) ಚೆನ್ನಾಗಿ ಓಡುತ್ತದೆ. ಲಿನಕ್ಸ್ ಸರ್ವರ್‌ಗೆ ರಿಲೀಸ್ (ಆಪ್ಟಿಮೈಸ್ ಆದ ಬಿಲ್ಡ್) ಹಾಕಿದರೆ ಲಾಟಿನ ಬೆಲೆ ಲೆಕ್ಕದ ಮೆಥಡ್‌ನಿಂದ ಲಾಗ್ ಬರುವುದೇ ಇಲ್ಲ. ಇನ್ನೊಂದು ಮೆಥಡ್ ‘ಇನ್‌ವ್ಯಾಲಿಡ್ ಪ್ರೋಗ್ರಾಂ’ ಎಕ್ಸೆಪ್ಷನ್ ಕೊಟ್ಟು ಬೀಳುತ್ತದೆ. ತಪ್ಪು ಎಲ್ಲಿದೆ?

ಉತ್ತರ: ಸರ್ವರ್ ಮೇಲೆ ಅನುಮಾನ ಬೇಡ. ಎರಡೂ ತೊಂದರೆಯ ಬೇರು ಒಂದೇ: ನೀವು ಪರೀಕ್ಷೆ ಮಾಡಿದ್ದು ಡೀಬಗ್ ಬಿಲ್ಡ್, ಓಡಿಸಿದ್ದು ರಿಲೀಸ್. ಹೆಸರು ಒಂದೇ ಆದರೂ ಒಳಗಿನ ಮೆಥಡ್ ಒಂದೇ ಅಲ್ಲ.

ಪ್ರೊಫೈಲರ್ ಲೋಡ್ ಆಗಿದೆಯಾ ಅನ್ನೋದು ಮೊದಲ ಪ್ರಶ್ನೆ. ಬೇರೆ ಮೆಥಡ್‌ಗಳ ಲಾಗ್ ಬರುತ್ತಿದ್ದರೆ ಆಗಿದೆ, ಬಿಡಿ. ಒಂದೂ ಬರದವರು ‘ಕೋರ್‌ಸಿಎಲ್‌ಆರ್_ಎನೇಬಲ್_ಪ್ರೊಫೈಲಿಂಗ್’ ಮತ್ತು ಅದರ ಜೊತೆಯ ವೇರಿಯಬಲ್‌ಗಳನ್ನು ಸಿಸ್ಟಂಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಓಡಿಸುವ ವ್ಯವಸ್ಥೆ) ಯೂನಿಟ್ ಫೈಲ್‌ನಲ್ಲೇ ಬರೆದಿದ್ದೀರಾ ನೋಡಿ. ಟರ್ಮಿನಲ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿದ್ದು ಸರ್ವಿಸ್‌ಗೆ ಮುಟ್ಟಲ್ಲ.

ಆಮೇಲೆ ಒಂದು ಕೆಲಸ ಮಾಡಿ. ಜಿಟ್ ಶುರುವಾಗುವಾಗ ರನ್‌ಟೈಮ್ ಪ್ರೊಫೈಲರ್‌ಗೆ ಸುದ್ದಿ ಕೊಡುತ್ತದಲ್ಲ, ಆ ಕಾಲ್‌ಬ್ಯಾಕ್‌ನ ಮೊದಲ ಸಾಲಿನಲ್ಲೇ ಮೆಥಡ್ ಹೆಸರನ್ನು ಒಂದು ಫೈಲ್‌ಗೆ ಬರೆಯಿರಿ. ಬೆಲೆ ಲೆಕ್ಕದ ಹೆಸರು ಆ ಫೈಲ್‌ನಲ್ಲಿ ಇಲ್ಲದಿದ್ದರೆ ಐಎಲ್ ಬೈಟ್‌ಗಳನ್ನು ಎಣಿಸುತ್ತ ಕೂರಬೇಡಿ. ನಿಮ್ಮ ಕೋಡ್‌ಗೆ ಅವಕಾಶವೇ ಸಿಕ್ಕಿಲ್ಲ.

ಹೆಸರು ಇರಲಿಕ್ಕಿಲ್ಲ ಅಂತಲೇ ನನ್ನ ಊಹೆ. ತೂಕವನ್ನು ದರದಿಂದ ಗುಣಿಸಿ ವಾಪಸ್ ಕೊಡುವಷ್ಟೇ ಮೆಥಡ್ ಆದರೆ ರಿಲೀಸ್‌ನಲ್ಲಿ ಅದರ ಐಎಲ್ ಹೆಚ್ಚೆಂದರೆ 8 ಬೈಟ್. ಇಷ್ಟು ಚಿಕ್ಕದನ್ನು ಜಿಟ್ ಕರೆಯುವುದಿಲ್ಲ, ಕರೆಯುವ ಮೆಥಡ್‌ನ ಒಳಗೇ ಹರಡಿಬಿಡುತ್ತದೆ. ಅದೇ ಇನ್‌ಲೈನಿಂಗ್. ರಾಶಿ, ಚಾಲಿ, ಬೆಟ್ಟೆ ಅಂತ ಅಡಿಕೆಯ ಬಗೆಗಳ ಒಂದೊಂದೇ ಲಾಟನ್ನು ಲೂಪ್‌ನಲ್ಲಿ ತೆಗೆದುಕೊಳ್ಳುವ ಮೆಥಡ್ ನಿಮ್ಮಲ್ಲಿ ಇದ್ದೇ ಇರುತ್ತದೆ. ಲೂಪ್ ಇರುವ ಮೆಥಡ್‌ಗಳನ್ನು ಡಾಟ್‌ನೆಟ್ 6 ಮೊದಲ ಹಂತದ ಅವಸರದ ಕಂಪೈಲ್‌ಗೆ ಬಿಡುವುದಿಲ್ಲ, ಶುರುವಿನಲ್ಲೇ ಪೂರ್ತಿ ಆಪ್ಟಿಮೈಸ್ ಮಾಡುತ್ತದೆ. ಆಗ ಬೆಲೆ ಲೆಕ್ಕ ಲೂಪ್‌ನೊಳಗೆ ಕರಗಿಹೋಗುತ್ತದೆ. ಬೇರೆಯಾಗಿ ಕಂಪೈಲ್ ಆಗದ ಮೆಥಡ್‌ಗೆ ಸುದ್ದಿ ಎಲ್ಲಿಂದ ಬರಬೇಕು? ಡೀಬಗ್ ಬಿಲ್ಡ್‌ನಲ್ಲಿ ಇನ್‌ಲೈನಿಂಗೇ ಇಲ್ಲ, ಹಾಗಾಗಿ ಅಲ್ಲಿ ಲಾಗ್ ಬಂತು.

ಇನ್‌ಲೈನಿಂಗ್ ಪೂರ್ತಿ ನಿಲ್ಲಿಸುವ ಫ್ಲ್ಯಾಗ್ ಒಂದಿದೆ. ಪರೀಕ್ಷೆಗೆ ಅದು ಸಾಕು, ಆದರೆ ದಿನಾ ಓಡುವ ಸರ್ವರ್‌ಗೆ ನಾನು ಹಾಕಲ್ಲ. ಒಂದು ಮೆಥಡ್‌ಗಾಗಿ ಇಡೀ ಪ್ರೋಗ್ರಾಂ ಯಾಕೆ ನಿಧಾನ ಆಗಬೇಕು, ಅಲ್ವಾ? ‘ಜಿಟ್‌ಇನ್‌ಲೈನಿಂಗ್’ ಕಾಲ್‌ಬ್ಯಾಕ್ ಬಳಸಿ. ಯಾರು ಯಾರೊಳಗೆ ಹೋಗುತ್ತಿದ್ದಾರೆ ಅಂತ ಅದು ಪ್ರತಿ ಸಲ ಕೇಳುತ್ತದೆ. ನಿಮ್ಮ ಪಟ್ಟಿಯಲ್ಲಿರುವ ಮೆಥಡ್ ಬಂದರೆ ಮಾತ್ರ ಬೇಡ ಅನ್ನಿ.

ಹಾಗೆ ಮಾಡಿಯೂ ಹೆಸರು ಬರದಿದ್ದರೆ ಪಬ್ಲಿಷ್ ಮಾಡುವಾಗ ‘ರೆಡಿ‌ಟುರನ್’ ಆನ್ ಇತ್ತಾ ನೋಡಿ. ಇದ್ದರೆ ಮೆಷಿನ್ ಕೋಡ್ ಮೊದಲೇ ತಯಾರಾಗಿರುತ್ತದೆ, ಜಿಟ್‌ಗೆ ಸದ್ಯಕ್ಕೆ ಕೆಲಸವೇ ಇರುವುದಿಲ್ಲ. ‘ಡಾಟ್‌ನೆಟ್_ರೆಡಿಟುರನ್’ ವೇರಿಯಬಲ್‌ಗೆ 0 ಕೊಟ್ಟು ಒಮ್ಮೆ ಓಡಿಸಿದರೆ ಗೊತ್ತಾಗುತ್ತದೆ. ಪ್ರೋಗ್ರಾಂ ಏಳುವುದು ತಡವಾದರೆ ಗಾಬರಿ ಬೇಡ, ಫ್ರೇಮ್‌ವರ್ಕ್‌ನ ತಯಾರಿ ಕೋಡ್ ಕೂಡ ಬಿಟ್ಟುಹೋಗುತ್ತದೆ.

ಒಮ್ಮೆ ಜಿಟ್ ಆಗಿಹೋದ ಮೆಥಡ್ ಬದಲಿಸಬೇಕಾದರೆ ಈ ದಾರಿ ಸಾಲದು. ಒಣಗಿಸಿ ಚಾಲಿ ಮಾಡಿದ ಅಡಿಕೆಯನ್ನು ಮತ್ತೆ ಬೇಯಿಸಿ ರಾಶಿ ಮಾಡೋಕೆ ಆಗಲ್ಲವಲ್ಲ, ಹಾಗೆ. ಅದಕ್ಕೆ ರೀಜಿಟ್ (ಮೆಥಡನ್ನು ಮತ್ತೊಮ್ಮೆ ಕಂಪೈಲ್ ಮಾಡಿಸುವುದು) ಬೇಕು, ಅದರ ಫ್ಲ್ಯಾಗನ್ನು ಪ್ರೊಫೈಲರ್ ಶುರುವಾಗುವಾಗಲೇ ಹಾಕಿರಬೇಕು. ರೀಜಿಟ್ ಕೇಳಿದಾಗ ಓಡುತ್ತಿರುವ ಕರೆ ಹಳೇ ಕೋಡ್‌ನಲ್ಲೇ ಮುಗಿಯುತ್ತದೆ.

ಇನ್ನು ಬೀಳುವ ಮೆಥಡ್. ನಿಜವಾದ ಮಜಾ ಇಲ್ಲಿದೆ. ಐಎಲ್ ಮೆಥಡ್‌ಗೆ ಎರಡು ಬಗೆಯ ಹೆಡರ್ (ಕೋಡ್‌ಗೆ ಮುಂಚೆ ಬಂದು ಅದರ ಉದ್ದ ಇತ್ಯಾದಿ ಹೇಳುವ ಬೈಟ್‌ಗಳು). ಲೋಕಲ್ ವೇರಿಯಬಲ್ ಇಲ್ಲ, ಟ್ರೈ ಬ್ಲಾಕ್ ಇಲ್ಲ, ಸ್ಟ್ಯಾಕ್ (ಲೆಕ್ಕದ ನಡುವೆ ಮೌಲ್ಯ ಇಡುವ ಜಾಗ) 8 ದಾಟಲ್ಲ, ಕೋಡ್ 64 ಬೈಟ್‌ಗಿಂತ ಕಡಿಮೆ ಅಂದರೆ ಟೈನಿ ಹೆಡರ್. ಅದು ಒಂದೇ ಬೈಟ್: ಕೆಳಗಿನ 2 ಬಿಟ್ ಬಗೆ ತಿಳಿಸಲು, ಉಳಿದ 6 ಬಿಟ್ ಉದ್ದಕ್ಕೆ. ಮಿಕ್ಕವಕ್ಕೆಲ್ಲ 12 ಬೈಟ್‌ನ ಫ್ಯಾಟ್ ಹೆಡರ್. ಡೀಬಗ್‌ನಲ್ಲಿ ಕಂಪೈಲರ್ ಹೆಚ್ಚುವರಿ ಲೋಕಲ್‌ಗಳನ್ನು ಇಡುವುದರಿಂದ ಸಾಮಾನ್ಯವಾಗಿ ಫ್ಯಾಟ್ ಸಿಗುತ್ತದೆ. ರಿಲೀಸ್‌ನಲ್ಲಿ ಅದೇ ಮೆಥಡ್ ಟೈನಿ ಆಗಬಹುದು.

ಲೆಕ್ಕ ಮಾಡಿ ನೋಡೋಣ. ರಿಲೀಸ್ ಮೆಥಡ್ 58 ಬೈಟ್ ಅಂತಿಟ್ಟುಕೊಳ್ಳಿ. ಲಾಗ್‌ಗೆ ಒಂದು ಸ್ಟ್ರಿಂಗ್ ಏರಿಸಲು 5 ಬೈಟ್, ಕರೆಯಲು 5. ಒಟ್ಟು 68. ಟೈನಿ ಬೈಟ್ ಬರೆಯಲು ಉದ್ದವನ್ನು 4ರಿಂದ ಗುಣಿಸಿ ಟೈನಿ ಗುರುತಿನ 2 ಕೂಡಿಸಬೇಕು: 274. ಒಂದು ಬೈಟ್‌ನಲ್ಲಿ 255ರ ತನಕ ಮಾತ್ರ ಹಿಡಿಸುತ್ತದೆ, 256 ಕಳೆದು ಉಳಿಯುವುದು 18. ಅದನ್ನು ಓದಿದ ರನ್‌ಟೈಮ್‌ಗೆ ಕೋಡ್‌ನ ಉದ್ದ 4 ಬೈಟ್ ಅಂತ ಕಾಣುತ್ತದೆ. ನೀವು ಹಾಕಿದ ಮೊದಲ ಸೂಚನೆಯೇ 5 ಬೈಟ್! ಅರ್ಧಕ್ಕೆ ತುಂಡಾದ ಮೇಲೆ ಇನ್‌ವ್ಯಾಲಿಡ್ ಅನ್ನದೆ ಇನ್ನೇನು ಅನ್ನಬೇಕು? ಉದ್ದ 63 ದಾಟಿದರೆ ಫ್ಯಾಟ್ ಹೆಡರ್ ಬರೆಯಿರಿ. ಸ್ಟ್ಯಾಕ್ 8, ಲೋಕಲ್ ಟೋಕನ್ 0 (ಲೋಕಲ್ ಇಲ್ಲ ಅಂತ). ಸುಮ್ನೆ ಯಾವಾಗಲೂ ಫ್ಯಾಟ್ ಬರೆದರೂ ನಡೆಯುತ್ತದೆ, ನಾನಾದರೆ ಹಾಗೇ ಮಾಡುತ್ತೇನೆ.

ಮೆಥಡ್‌ನ ತಲೆಗೇ ಸೇರಿಸುವುದಾದರೆ ಬ್ರಾಂಚ್‌ಗಳನ್ನು (ಬೇರೆ ಜಾಗಕ್ಕೆ ಹಾರುವ ಸೂಚನೆಗಳನ್ನು) ಮುಟ್ಟಬೇಕಿಲ್ಲ, ಅವುಗಳ ದೂರ ತಮ್ಮಿಂದಲೇ ಲೆಕ್ಕ. ಆದರೆ ಟ್ರೈ–ಕ್ಯಾಚ್‌ನ ಪಟ್ಟಿ ಕೋಡ್‌ನ ಶುರುವಿನಿಂದ ಎಣಿಸುತ್ತದೆ. ಅಲ್ಲಿ ಎಲ್ಲ ಆಫ್‌ಸೆಟ್‌ಗೂ 10 ಕೂಡಿಸಿ. ಕೊನೆಗೆ, ರಿಟರ್ನ್‌ಗೆ ಮುಂಚೆ ಸೇರಿಸಿದರೆ ರಿಟರ್ನ್‌ಗೆ ನೇರ ಹಾರುವ ಬ್ರಾಂಚ್‌ಗಳು ನಿಮ್ಮ ಲಾಗನ್ನು ದಾಟಿ ಹೋಗಬಹುದು. ಅವುಗಳ ಗುರಿಯನ್ನು ನಿಮ್ಮ ಮೊದಲ ಸೂಚನೆಗೆ ತಿರುಗಿಸಿ.

ಡಾಟ್‌ನೆಟ್ 6ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2024ರ ನವೆಂಬರ್‌ನಲ್ಲೇ ಮುಗಿದಿದೆ, ನೀವೂ ಮೇಲೆ ಹೋಗುತ್ತೀರಿ. ಡಾಟ್‌ನೆಟ್ 7ರಿಂದ ಲೂಪ್ ಇರುವ ಮೆಥಡ್‌ಗಳೂ ಮೊದಲ ಹಂತದಿಂದಲೇ ಶುರುವಾಗುವುದರಿಂದ ಬೆಲೆ ಲೆಕ್ಕದ ಲಾಗ್ ತಾನಾಗಿಯೇ ಬಂದುಬಿಡಬಹುದು. ಹಾಗಂತ ‘ಜಿಟ್‌ಇನ್‌ಲೈನಿಂಗ್’ ಕಾಲ್‌ಬ್ಯಾಕ್ ತೆಗೆಯಬೇಡಿ. ಯಾರಾದರೂ ಟಿಯರ್ಡ್ ಕಂಪೈಲೇಷನ್ (ಈ ಹಂತ ಹಂತದ ಕಂಪೈಲ್) ಆಫ್ ಮಾಡಿದರೆ ಲಾಗ್ ಮತ್ತೆ ಮಾಯ.